ತೆಗೆಯದೆ ಬಿಟ್ಟ ಚೂರು

ಕೊರೋನಾ ಬರುವುದಕ್ಕೆ ಹಿಂದಿನ ಚಳಿಗಾಲ. ಸರ್ಕಾರಿ ನೌಕರಿಯಿಂದ ನಿವೃತ್ತನಾಗಿ ಹುಣಸೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಮೂಳೆ ಸರ್ಜನ್ ಆಗಿದ್ದೆ. ಅದಕ್ಕೆ ಮೊದಲು ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಈ ಸುತ್ತಿನಲ್ಲೇ ನನ್ನ ಸರ್ವೀಸು ಮುಗಿದಿತ್ತು. ಕಾಡಂಚಿನ ತಾಲ್ಲೂಕುಗಳಲ್ಲಿ ಮೂಳೆ ಡಾಕ್ಟರಿಗೆ ಬೈಕಿನಿಂದ ಬಿದ್ದವರೂ ಗುಂಡು ತಗುಲಿದವರೂ ತಪ್ಪುವುದಿಲ್ಲ. ಗುಂಡು ತಗುಲಿದವರು ಮಾತ್ರ ಅದನ್ನು ಸುತರಾಂ ಒಪ್ಪುವುದಿಲ್ಲ. “ಬೇಲಿ ಮೇಲೆ ಬಿದ್ದೆ ಸಾ” ಎನ್ನುತ್ತಾರೆ. ಎಕ್ಸ್‌ರೇ ತೆಗೆದರೆ ತೊಡೆಯೊಳಗೆ ಸೈಕಲ್ ಬೇರಿಂಗಿನ ಗುಂಡುಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. ಕಾಡುಹಂದಿಗೆಂದು ಕದ್ದು ಹಾರಿಸಿದ ನಾಡಬಂದೂಕು ಜೊತೆಗಾರನಿಗೇ ಬಡಿದಿರುತ್ತದೆ. ಎನ್. ಬೇಗೂರು ಕಡೆಯ ಒಬ್ಬ ಯಜಮಾನರಂತೂ ಫಿಲ್ಮನ್ನು ಕಣ್ಣಿಗೆ ಹಿಡಿದರೂ “ಬೇಲಿನೇ ಕಣಿ ಸಾ” ಎಂದು ಸಾಧಿಸಿದ್ದರು.

ಗುಂಡಿನ ಗಾಯ ಕಂಡರೆ ಮೆಡಿಕೋ ಲೀಗಲ್ ಕೇಸ್, ಅಂದರೆ ಎಂಎಲ್‌ಸಿ, ಎಂದು ಬರೆದು ಠಾಣೆಗೆ ತಿಳಿಸಬೇಕು. ಮೈಯಿಂದ ತೆಗೆದದ್ದನ್ನು ಬಾಟಲಿಗೆ ಹಾಕಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ ಪೊಲೀಸರಿಗೆ ಒಪ್ಪಿಸಬೇಕು. ಮೊದಮೊದಲು ಆ ಬಾಟಲಿ ಹಿಡಿಯುವಾಗ ಒಂಥರಾ ಆಗುತ್ತಿತ್ತು. ಆಮೇಲೆ ಏನೂ ಅನ್ನಿಸುತ್ತಿರಲಿಲ್ಲ. ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡೇ ಮುದ್ರೆ ಒತ್ತುತ್ತಿದ್ದೆ.

ಒಂದು ಬೆಳಿಗ್ಗೆ ಬೈಲುಕುಪ್ಪೆಯಿಂದ ಮೈಸೂರಿಗೆ ಹೊರಟಿದ್ದ ಆಂಬುಲೆನ್ಸೊಂದು, ಒಳಗಿದ್ದವರ ನೋವು ನೋಡಲಾರದೆ, ನಮ್ಮ ಬಾಗಿಲಿಗೆ ತಿರುಗಿತು. ಒಳಗೆ ತಲೆ ಬೋಳಿಸಿಕೊಂಡ, ಕಂದು ನಿಲುವಂಗಿಯ ವಯಸ್ಸಾದ ಹೆಂಗಸು. ವಿಯೆಟ್ನಾಂ ದೇಶದ ಬೌದ್ಧ ಸನ್ಯಾಸಿನಿ, ಹೆಸರು ಹಿಯೆನ್. ಟಿಬೆಟನ್ನರ ಮಠಕ್ಕೆ ಯಾತ್ರೆ ಬಂದವರು ಮೆಟ್ಟಿಲಲ್ಲಿ ಜಾರಿದ್ದರು. ಜೊತೆಯಲ್ಲಿದ್ದ ಲಾನ್ ಎಂಬ ಕಿರಿಯ ಸನ್ಯಾಸಿನಿಗೆ ಇಂಗ್ಲಿಷ್ ಬರುತ್ತಿತ್ತು. ಎಡ ತೊಡೆಮೂಳೆ ಸೊಂಟದ ಹತ್ತಿರ ಮುರಿದಿತ್ತು. ವಯಸ್ಸಾದವರಲ್ಲಿ ಮಾಮೂಲು.

ಎಕ್ಸ್‌ರೇ ಬಂತು. ಮುರಿತದ ಸುತ್ತ ದುಂಡಗಿನ ಲೋಹದ ಗುಂಡುಗಳು ಚೆಲ್ಲಿದ್ದವು. ನಮ್ಮ ಕಡೆಯ ಬೇರಿಂಗ್ ಗುಂಡುಗಳ ಹಾಗೆಯೇ. ‘ಸರಿ, ಇವರೂ ಬೇಲಿ ಮೇಲೆ ಬಿದ್ದವರೇ’ ಎಂದುಕೊಂಡು, ಅಭ್ಯಾಸಬಲದಿಂದ ಎಂಎಲ್‌ಸಿ ಬರೆಸಿ ಠಾಣೆಗೆ ಫೋನ್ ಮಾಡಿಸಿದೆ. ಆ ಗುಂಡುಗಳ ನಡುವೆ ಉಗುರಿನಗಲದ ಒಂದು ಒರಟು ಚೂರೂ ಇತ್ತು. ಅದು ಮೂಳೆಯ ಹೊರಮೈಗೆ ಅಂಟಿಕೊಂಡು, ನಾನು ಪ್ಲೇಟ್ ಕೂರಿಸಬೇಕಾದ ಜಾಗದಲ್ಲೇ ಕೂತಿತ್ತು. ಪ್ಲೇಟ್ ಅಂದರೆ ಮುರಿದ ಮೂಳೆಗೆ ಹೊರಗಿನಿಂದ ಸ್ಕ್ರೂ ಹಾಕಿ ಬಿಗಿಯುವ ಲೋಹದ ಪಟ್ಟಿ.

ಚೂರನ್ನು ತೆಗೆದು ಪ್ಲೇಟ್ ಹಾಕುತ್ತೇನೆ ಎಂದು ವಿವರಿಸಿದೆ. ಲಾನ್ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದರು. ಹಿಯೆನ್ ಕಣ್ಣು ತೆರೆದು ಏನೋ ಅಂದರು.

“ಆ ಒರಟು ಚೂರು ಹೊರಗೆ ಬಂದರೆ ಹಿಯೆನ್ ತಾಯಿಯವರಿಗೆ ಕೊಡಬೇಕಂತೆ. ಅದು ಅವರಿಗೆ ಬೇಕೇ ಬೇಕಂತೆ” ಎಂದರು ಲಾನ್.

“ಆಗುವುದಿಲ್ಲ. ಅದು ಪೊಲೀಸರಿಗೆ ಹೋಗಬೇಕು” ಎಂದೆ. ಇನ್ನೊಂದು ಮಾತಾಡದೆ ಮುಂದಿನ ರೋಗಿಯ ಕಡೆ ಹೋದೆ. ನನ್ನ ಸ್ವಭಾವವೇ ಅಷ್ಟು, ಮಾತು ಕಡ್ಡಿ ಮುರಿದ ಹಾಗೆ.

ಹೇಳಿಕೆ ಪಡೆಯಲು ಹೆಡ್ ಕಾನ್ಸ್‌ಟೇಬಲ್ ನಿಂಗರಾಜು ಬಂದರು. ಭೇರ್ಯ ಕಡೆಯವರು, ನನಗೆ ಹಳೆಯ ಪರಿಚಯ. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

“ಯಾರ್ ಒಡ್ದಿದ್ದು ಅಂತ ಕೇಳಿ ಸಾ.”

ನಾನು ಇಂಗ್ಲಿಷಿನಲ್ಲಿ ಕೇಳಿದೆ, ಲಾನ್ ತಮ್ಮ ಭಾಷೆಯಲ್ಲಿ ಕೇಳಿದರು. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬಂತು.

“ಅಮೆರಿಕದವರಂತೆ” ಎಂದೆ.

“ಟೂರಿಸ್ಟಾ ಸಾ? ಯಾವ್ ರೆಸಾರ್ಟಲ್ಲಿ ಇಳ್ಕಂಡವ್ನೆ?”

“ಅಲ್ಲ ಕಣ್ರೀ, ವಿಮಾನದಿಂದ. ಇವರು ಹನ್ನೆರಡು ವರ್ಷದ ಹುಡುಗಿ ಆಗಿದ್ದಾಗ.”

ನಿಂಗರಾಜು ಪೆನ್ನಿನ ಮುಚ್ಚಳ ಹಾಕಿದರು.

ನನಗೆ ಗೊತ್ತಿದ್ದಷ್ಟನ್ನು ಅವರಿಗೆ ಹೇಳಿದೆ. ಫ್ರೆಂಚರ ಆಳ್ವಿಕೆ ಮುಗಿದಾಗ ಆ ದೇಶದ ನಡುವೆ ಗೆರೆ ಎಳೆದು ಎರಡು ಮಾಡಿದ್ದರು. ಉತ್ತರದಲ್ಲಿ ಸ್ವಾತಂತ್ರ್ಯಕ್ಕಾಗಿ ಫ್ರೆಂಚರ ಮೇಲೆ ಹೋರಾಡಿ ಗೆದ್ದ ಕಮ್ಯುನಿಸ್ಟರು. ದಕ್ಷಿಣದ ಸರ್ಕಾರದ ಬೆನ್ನಿಗೆ ಅಮೆರಿಕ. ಎರಡೂ ಮತ್ತೆ ಒಂದಾಗಬೇಕೆಂಬ ಯುದ್ಧದಲ್ಲಿ ಅಮೆರಿಕ ತನ್ನ ಸೈನ್ಯವನ್ನೇ ಇಳಿಸಿತು, ಉತ್ತರದ ಮೇಲೆ ಬಾಂಬು ಸುರಿಯಿತು. ಉತ್ತರಕ್ಕೆ ತೋಪು, ಮದ್ದುಗುಂಡು ಕೊಟ್ಟವರು ರಷ್ಯಾ ಮತ್ತು ಚೀನಾ. ಲಾನ್ ಹೇಳಿದ ಪ್ರಕಾರ ಹಿಯೆನ್ ಅವರ ಊರು ಗೆರೆಯ ಉತ್ತರಕ್ಕೆ. ಅವರ ಸೋದರಮಾವ ಗೆರೆ ದಾಟಿ ದಕ್ಷಿಣಕ್ಕೆ ಹೋಗಿದ್ದರು, ಆತನ ಮಗ ಆ ಕಡೆಯ ಸೈನ್ಯದಲ್ಲಿದ್ದ.

“ಕ್ವಾಣ ಕ್ವಾಣ ಕಾದಾಡಿ ಗಿಡ ಸತ್ತಂಗಾಯ್ತು” ಎಂದರು ನಿಂಗರಾಜು.

ಹಿಯೆನ್ ಚಾವಣಿ ನೋಡುತ್ತ ತಾವಾಗಿಯೇ ಹೇಳತೊಡಗಿದರು. ದನಿಯಲ್ಲಿ ಏರಿಲ್ಲ, ಇಳಿವಿಲ್ಲ, ಬಸ್ಸಿನ ವೇಳೆ ಹೇಳುವವರ ಹಾಗೆ. ದುಂಡಗಿನ ಗುಂಡುಗಳು ಅಮೆರಿಕದ ಬಾಂಬಿನವು. ಸೀಬೆಕಾಯಿ ಗಾತ್ರದ ಬಾಂಬು, ಅವರ ಕಡೆ ಅದಕ್ಕೆ ಸೀಬೆ ಬಾಂಬು ಎಂತಲೇ ಹೆಸರು. ಒಡೆದರೆ ಒಳಗಿನಿಂದ ನೂರಾರು ಗುಂಡು. ಒರಟು ಚೂರು ಅದರದ್ದಲ್ಲ. ಹೊಳೆಯ ಏರಿಯ ಮೇಲೆ ಊರಿನವರದೇ ಒಂದು ತೋಪು ಇತ್ತು, ವಿಮಾನ ಹೊಡೆಯುವ ರಷ್ಯಾ ತೋಪು. ಅದನ್ನು ಹಾರಿಸುತ್ತಿದ್ದವರು ಇವರ ಅಪ್ಪ. ಆ ದಿನ ಇವರು ಅಪ್ಪನಿಗೆ ಅನ್ನ ಒಯ್ಯುತ್ತಿದ್ದರು. ವಿಮಾನ ಬಂತು, ಅಪ್ಪ ಹಾರಿಸಿದರು. ಮೇಲೆ ಸಿಡಿದ ಗುಂಡಿನ ಚೂರುಗಳು ಹಿಂದಕ್ಕೆ ನೆಲಕ್ಕೇ ಸುರಿದವು. ಒಂದು ಇವರ ತೊಡೆಗೆ ಹೊಕ್ಕಿತು. ಆಮೇಲೆ ಸೀಬೆ ಬಾಂಬು ಬಿತ್ತು. ಅದರ ಹಿಂದೆಯೇ ಒಂದು ದೊಡ್ಡ ಬಾಂಬು ತೋಪಿನ ಮೇಲೇ ಬಿತ್ತು. ಏರಿಯ ಮೇಲೆ ಗುಂಡಿ ಉಳಿಯಿತು. ಅಪ್ಪನದು ಎಂದು ಹೂಳಲು ಏನೂ ಸಿಗಲಿಲ್ಲ.

“ಅಪ್ಪನದು ಎಂದು ಉಳಿದಿರುವುದು ಆ ಚೂರೊಂದೇ” ಎಂದರು ಲಾನ್.

ನಿಂಗರಾಜು ಮತ್ತೆ ಪೆನ್ನಿನ ಮುಚ್ಚಳ ತೆಗೆದರು. ಮುಂದೆ ಹಾಳೆ ಖಾಲಿ ಇತ್ತು. ಸಣ್ಣ ದನಿಯಲ್ಲಿ ಕೇಳಿದರು: “ಅಪ್ಪ ಒಡ್ದಿದ್ದು ಅಂತ ಬರೀಲಾ ಸಾ?”

“ಬೇಡ. ಹಳೇ ಯುದ್ಧದ ಗಾಯ ಅಂತ ಬರೀರಿ.”

ಆಗ ನನಗೆ ಕಣ್ಣಲ್ಲಿ ನೀರು ಬರಬೇಕಿತ್ತು. ಬರಲಿಲ್ಲ. ಬೆಳಿಗ್ಗೆ ಪರೀಕ್ಷೆ ಮಾಡುವಾಗ ಆ ಚೂರಿನ ಮೇಲಿನ ಚರ್ಮಕ್ಕೆ ಸೂಜಿ ಮುಟ್ಟಿಸಿದರೂ ಅವರಿಗೆ ತಿಳಿದಿರಲಿಲ್ಲ. ಅಂದಿನಿಂದಲೂ ಅಲ್ಲಿ ಜೋಮಂತೆ. ನನ್ನೊಳಗೂ ಅಂಥ ಜಾಗ ಒಂದಿದೆ ಎಂದು ಅವರ ಮಂಚದ ಪಕ್ಕ ನಿಂತಾಗ ಗೊತ್ತಾಯಿತು, ನಿಜ ಹೇಳಬೇಕೆಂದರೆ ಭಯವಾಯಿತು.

“ಚೂರನ್ನ ಅವರ ಕೈಗೇ ಕೊಟ್ಟುಬಿಡೋಕೆ ಆಗುತ್ತಾ ನಿಂಗರಾಜು?”

“ನೀವೇ ಅಲ್ವಾ ಸಾ ಫೋನ್ ಮಾಡ್ಸಿದ್ದು? ಫಾರಿನ್ನೋರು ಬೇರೆ, ಆಗ್ಲೇ ಮೈಸೂರ್ಗೆ ಮೆಸೇಜ್ ಓಗ್ಬುಟ್ಟದೆ. ಈಚೆಗ್ ಬಂದ್ರೆ ನಾನು ತಕಳಲೇಬೇಕು. ಕೇಸ್ ಮುಗಿಯೋಗಂಟ ಸ್ಟೇಷನ್ನಲ್ಲೇ ಬಿದ್ದಿರ್ತದೆ. ವರ್ಸಾನುಗಟ್ಲೆ ಆಗ್ಬೌದು ಸಾ. ನನ್ ಕೈಲೇನೈತೆ?”

ಅವರು ಹೇಳಿದ್ದು ಸರಿ. ನಾನು ಅದನ್ನು ಲಾನ್‌ಗೆ ಹೇಳಿದೆ, ಅವರು ಹಿಯೆನ್‌ಗೆ ಹೇಳಿದರು.

“ಹಾಗಾದರೆ ತೆಗೆಯಬೇಡಿ ಅನ್ನುತ್ತಾರೆ.”

“ತೆಗೆಯದೆ ಪ್ಲೇಟ್ ಕೂರುವುದಿಲ್ಲ.”

“ಪ್ಲೇಟೂ ಬೇಡವಂತೆ. ಕಾಲು ಹೀಗೇ ಇರಲಂತೆ.”

ನನಗೆ ಸಿಟ್ಟು ನೆತ್ತಿಗೇರಿತು. “ಅಯ್ಯೋ ಯಮ್ಮಾ! ಹಂಗೇ ಬಿಟ್ಟರೆ ಹಾಸಿಗೆ ಹಿಡೀತೀರಿ. ಬೆನ್ನು ಹುಣ್ಣಾಗ್ತದೆ, ಎದೇಲಿ ಕಫ ಕಟ್ಟಿ ಪ್ರಾಣಕ್ಕೇ ಬರ್ತದೆ” ಎಂದು ಕನ್ನಡದಲ್ಲೇ ಕೂಗಾಡಿದೆ. ಅರ್ಥವಾಗದಿದ್ದರೂ ಹಿಯೆನ್ ಗಮನವಿಟ್ಟು ಕೇಳಿಸಿಕೊಂಡರು. ಬಯ್ಯುವ ಡಾಕ್ಟರು ಅವರಿಗೆ ಹೊಸಬರಲ್ಲವೇನೋ. ಲಾನ್ ಎಲ್ಲವನ್ನೂ ತಿಳಿಸಿ ಹೇಳಿದ ಮೇಲೂ ಅವರು ನಿಧಾನವಾಗಿ ತಲೆ ಅಲ್ಲಾಡಿಸಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಪ್ಲೇಟ್ ಬಿಟ್ಟರೆ ಇನ್ನೊಂದು ದಾರಿ ಇದೆ, ನೇಲ್. ಮೂಳೆಯ ಟೊಳ್ಳಿನೊಳಗೆ ಮೇಲಿನಿಂದ ಇಳಿಸುವ ರಾಡು. ಹಾಗೆ ಮಾಡಿದರೆ ಮೂಳೆಯ ಹೊರಮೈಯನ್ನು ಪೂರ್ತಿ ಬಿಡಿಸಬೇಕಿಲ್ಲ. ನಮ್ಮಲ್ಲಿ ಆ ಸೆಟ್ ಇರಲಿಲ್ಲ, ಮೈಸೂರಿನ ಡೀಲರಿಂದ ತರಿಸಬೇಕು. ಅಡ್ಡ ಸ್ಕ್ರೂಗಳನ್ನು ಚೂರಿಗೆ ತಾಗದಂತೆ ದಾಟಿಸಬೇಕು. ಪ್ಲೇಟಿನ ಆಪರೇಷನ್ ನನಗೆ ಕಣ್ಣು ಮುಚ್ಚಿ ಮಾಡುವಷ್ಟು ರೂಢಿ. ಇದು ಹಾಗಲ್ಲ. ಡೀಲರಿಗೆ ಫೋನ್ ಮಾಡಿದೆ. ಒಳಗೆ ಹೋಗಿ ಹೇಳಿದಾಗ ಹಿಯೆನ್ ಒಪ್ಪಿದರು.

ಮರುದಿನ ಆಪರೇಷನ್ ಮಾಡಿದೆವು. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ಮೂಳೆ, ರಾಡು, ಗುಂಡುಗಳು, ಆ ಚೂರು ಎಲ್ಲವೂ ಕಾಣುತ್ತಿದ್ದವು. ಅಮೆರಿಕದ್ದೂ ರಷ್ಯಾದ್ದೂ ಒಂದೇ ತೊಡೆಯಲ್ಲಿ ಬೆರಳಗಲದ ಅಂತರದಲ್ಲಿ ಬಿದ್ದಿದ್ದವು. ಸ್ಕ್ರೂ ದಾಟಿಸುವಾಗ ಡ್ರಿಲ್ಲು ಚೂರಿನ ಪಕ್ಕದಲ್ಲೇ ಹಾದುಹೋಯಿತು. ಆಗ ನಾನು ಡ್ರಿಲ್ಲು ನಿಲ್ಲಿಸಿದೆ. ಎಷ್ಟೋ ವರ್ಷವಾಗಿತ್ತು ಹಾಗೆ ನಡುವೆ ನಿಲ್ಲಿಸಿ. ಪರದೆಯನ್ನು ಇನ್ನೊಮ್ಮೆ ನೋಡಿ, ಮತ್ತೆ ಮುಂದುವರಿಸಿದೆ.

ಹೊರಗೆ ನಿಂಗರಾಜು ಕಾಯುತ್ತಿದ್ದರು. ತೊಡೆಯ ಮೇಲೆ ಬಾಟಲಿ, ಬಿಳಿ ಬಟ್ಟೆ, ಅರಗಿನ ಕಡ್ಡಿ.

“ಕೊಡಿ ಸಾ.”

“ಕೊಡೋಕೆ ಏನೂ ಇಲ್ಲ. ಏನನ್ನೂ ತೆಗೆದಿಲ್ಲ.”

ಅವರು ನನ್ನ ಮುಖ ನೋಡಿದರು, ಬಾಟಲಿ ನೋಡಿದರು.

“ಕಾಲು?”

“ಕಾಲು ಸರಿಹೋಯ್ತು.”

“ಒಳ್ಳೇದಾಯ್ತು ಬುಡಿ” ಎಂದು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ನಮ್ಮಪ್ಪಂದು ಒಂದ್ ಫೋಟೋನೂ ಇರ್ನಿಲ್ಲ ಸಾ.”

ಹಿಯೆನ್ ವಾಕರ್ ಹಿಡಿದು ವಾರ್ಡಿನುದ್ದಕ್ಕೂ ನಡೆದು ತೋರಿಸಿ ಹೊರಟರು. ಕೇಸು ಮುಂದೆ ಎಲ್ಲಿ ಮುಗಿಯಿತೋ ನಾನು ವಿಚಾರಿಸಲಿಲ್ಲ. ಅವರು ಊರಿಗೆ ಮರಳಿದ ಮೇಲೆ ಲಾನ್ ಒಂದು ಮೆಸೇಜ್ ಕಳಿಸಿದ್ದರು. ಏರ್‌ಪೋರ್ಟಿನಲ್ಲಿ ತಪಾಸಣೆಯ ಯಂತ್ರ ಕೂಗಿಕೊಂಡಿತಂತೆ. ನಾನು ಬರೆದುಕೊಟ್ಟ ಚೀಟಿ ನೋಡಿ, ಕಾಲಿನಲ್ಲಿ ರಾಡು ಇದೆ, ಹೋಗಲಿ ಎಂದು ಬಿಟ್ಟರಂತೆ. ದಾಟಿ ಬಂದ ಮೇಲೆ ಹಿಯೆನ್ ಲಾನ್ ಕಿವಿಯಲ್ಲಿ ಹೇಳಿದ್ದಿಷ್ಟು: “ಕೂಗಿದ್ದು ರಾಡಲ್ಲ, ನಮ್ಮಪ್ಪ.”

ಈಗಲೂ ವಾರಕ್ಕೆರಡು ದಿನ ಆಸ್ಪತ್ರೆಗೆ ಹೋಗುತ್ತೇನೆ. ಬೇಲಿ ಮೇಲೆ ಬಿದ್ದವರು ಈಗಲೂ ಬರುತ್ತಾರೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಒಳಗಿರುವುದನ್ನು ಅವರಿಗೇ ತೋರಿಸಿ, “ತೆಗೆಯಲಾ?” ಎಂದು ಕೇಳುತ್ತೇನೆ. “ಇದೇನ್ ಸಾ, ಇಂಗ್ ಕೇಳ್ತೀರಿ, ತಗ್ದು ಬಿಸಾಕಿ” ಎಂದು ನಗುತ್ತಾರೆ. ತೆಗೆಯುತ್ತೇನೆ, ಮುದ್ರೆ ಒತ್ತುತ್ತೇನೆ. ಕಾಫಿಯನ್ನು ಮಾತ್ರ ಆಮೇಲೆ ಕುಡಿಯುತ್ತೇನೆ. ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ ಕೊನೆಯ ಪಾಠ ಆ ಒಂದು ಪ್ರಶ್ನೆ. ಅದನ್ನು ಕೇಳದೆ ಚಾಕು ಹಿಡಿಯುವುದಿಲ್ಲ.