ನಿಲುವಂಗಿ ಒಗೆಯುವ ಗ್ಲೋರಿಯಾ, ಗೇಟು ದಾಟದ ಅಮೀನತ್

ಗಂಜಿ ಹಾಕಿದ ಬಿಳಿ ನಿಲುವಂಗಿಯನ್ನು ಎರಡು ಸಲ ಕೊಡವಿ ತಂತಿಗೆ ಹಾಕುತ್ತಾರೆ ಗ್ಲೋರಿಯಾ. ಇನ್ನೂ ಏಳು ಬಾಕಿ. ಕೊಲ್ಲಿ ನಾಡಿನ ಅಲ್ ಹೈಲ್‌ನ ನಮ್ಮ ಕಟ್ಟಡದ ತಾರಸಿಯಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ, ಆಗಲೇ ಕುತ್ತಿಗೆಗೆ ಬೆವರು.

“ಗಂಜಿ ಜಾಸ್ತಿ ಆದ್ರೆ ಮೊಣಕಾಲೂರುವಾಗ ಬಟ್ಟೆ ಬಗ್ಗುದೇ ಇಲ್ಲ ಅಕ್ಕ. ದೇವರೆದುರು ಹಲಗೆ ಹಾಗೆ ನಿಲ್ತಾರೆ,” ಎಂದು, ಊರಿನ ಪೇಪರಿಗೆ ಬರೆಯುವ ನನ್ನತ್ತ ನೋಡಿ ನಗುತ್ತಾರೆ.

ಇವು ಘಾಲಾದ ಚರ್ಚಿನವು. ಶುಕ್ರವಾರದ ಬಲಿಪೂಜೆಯಲ್ಲಿ ಬೈಬಲ್ ವಾಚನ ಓದುವವರು ತೊಡುವಂಥವು. ವಾರಕ್ಕೆ ಹನ್ನೊಂದು ನಿಲುವಂಗಿ, ಹದಿನಾಲ್ಕು ಪೀಠದ ಬಟ್ಟೆ. ಕಿನ್ನಿಗೋಳಿಯ ಈ ಹೆಂಗಸು ಹತ್ತೊಂಬತ್ತು ವರ್ಷದಿಂದ ಇದನ್ನು ಸೇವೆಯೆಂದು ಮಾಡುತ್ತಿದ್ದಾರೆ. ಹೊಟ್ಟೆಪಾಡಿಗೆ ಮೂರನೇ ಮಹಡಿಯ ಮನೆಯೊಂದರಲ್ಲಿ ಅಡುಗೆ. ಏಳುವುದು ನಾಲ್ಕಕ್ಕೆ. ಊರಲ್ಲಿ ಮಗಳು ಆಶಿತಾ ನರ್ಸಿಂಗ್ ಓದುತ್ತಿದ್ದಾಳೆ.

ಗ್ಲೋರಿಯಾ ಅಡುಗೆ ಮಾಡುವ ಆ ಮನೆಯಲ್ಲೇ ಉಳ್ಳಾಲದ ಅಮೀನತ್ ಕೂಡ ಇದ್ದಾಳೆ. ಯಜಮಾನರ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವವಳು. ಅವಳು ಈ ಕಟ್ಟಡದ ಗೇಟು ದಾಟಿ ಹೊರಗೆ ಹೋಗದೆ ಮೂರು ವರ್ಷ ನಾಲ್ಕು ತಿಂಗಳಾಯಿತಂತೆ. ನನ್ನ ಕಿವಿಯೇ ತಪ್ಪಿತೇನೋ ಎಂದು ಇನ್ನೊಮ್ಮೆ ಕೇಳುತ್ತೇನೆ. ಅಲ್ಲ, ನಾನು ದಿನಾ ಹತ್ತಿಳಿಯುವ ಮೆಟ್ಟಿಲು ಇದೇ ಅಲ್ಲವೇ?

“ಸರ್ ಕೆಟ್ಟವರಲ್ಲ,” ಎನ್ನುತ್ತಾರೆ ಗ್ಲೋರಿಯಾ. “ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಮೊದಲು ಅವಳಿಗೇ ಕೊಡುದು. ಪಾಸ್‌ಪೋರ್ಟ್ ಮಾತ್ರ ಕೊಡುದಿಲ್ಲ.”

ಸರ್ ಅಂದರೆ ಆ ಮನೆಯ ಯಜಮಾನರು, ಅದೇ ಚರ್ಚಿನವರು. ಹೆಸರು ಇಲ್ಲಿ ಬರೆಯುವುದಿಲ್ಲ. ಕಳೆದ ಶುಕ್ರವಾರ ವಾಚನ ಓದಿದವರೂ ಅವರೇ, ಗ್ಲೋರಿಯಾ ಒಗೆದ ನಿಲುವಂಗಿಯಲ್ಲಿ. ಅಂದು ಪಾದ್ರಿಗಳ ಪ್ರಸಂಗ ಗುಲಾಮಗಿರಿಯ ಬಗ್ಗೆ. ಗುಲಾಮರನ್ನು ಇಟ್ಟುಕೊಂಡವರೂ ಶಿಲುಬೆಗೆ ಕೈಮುಗಿದವರೇ, ಅದನ್ನು ನಿಲ್ಲಿಸಲು ಜೀವ ಸವೆಸಿದವರೂ ಶಿಲುಬೆಗೆ ಕೈಮುಗಿದವರೇ ಎಂದರಂತೆ. ಒಂದೇ ಚರ್ಚು, ಬೇರೆ ಬೇರೆ ಬೆಂಚು.

“ನನಗೆ ಮತ್ತೆ ಪ್ರಾರ್ಥನೆ ಬಾಯಿಗೆ ಬರ್ಲಿಲ್ಲ. ನಾನು ಯಾವ ಬೆಂಚಿನಲ್ಲಿ ಕೂತಿದ್ದೇನೆ ಮಾರಾಯ್ತಿ ಅಂತಲೇ ಯೋಚನೆ,” ಎನ್ನುತ್ತಾರೆ ಗ್ಲೋರಿಯಾ.

ಏಕೆಂದರೆ ನಮ್ಮ ದೇಶದ ರಾಯಭಾರ ಕಚೇರಿಗೆ ಬರೆದ ಪತ್ರವೊಂದು ಐದು ತಿಂಗಳಿಂದ ಅವರ ಅಕ್ಕಿ ಹಿಟ್ಟಿನ ಡಬ್ಬಿಯಲ್ಲಿದೆ. ಪಾಸ್‌ಪೋರ್ಟ್ ಬಿಡಿಸಿಕೊಡಿ ಎಂದು ಅಮೀನತ್ ಹೇಳಿದಂತೆ ಗ್ಲೋರಿಯಾ ಬರೆದದ್ದು, ಕೆಳಗೆ ಅವಳ ಹೆಬ್ಬೆಟ್ಟು. ಕಳಿಸಲು ಹೆದರಿಕೆ, ಗ್ಲೋರಿಯಾ ಅವರ ವೀಸಾ ಇರುವುದೂ ಅದೇ ಸರ್ ಹೆಸರಿನಲ್ಲಿ. “ಅವರು ಒಂದು ಸಹಿ ಹಾಕಿದ್ರೆ ನಾನು ಊರಿಗೆ, ಖಲಾಸ್. ಆಶಿತಾಳದ್ದು ಇನ್ನೂ ಎರಡು ವರ್ಷ ಉಂಟು.”

ಬೆಡ್‌ಶೀಟಿನ ಬುಟ್ಟಿ ಹೊತ್ತು ಅಮೀನತ್ ಮೇಲೆ ಬರುತ್ತಾಳೆ. ತಾರಸಿಯೇ ಅವಳ ಪೇಟೆ, ಅವಳ ರಸ್ತೆ. “ಎಂತ ಬಾಯಮ್ಮ, ನನ್ನ ಹೆಬ್ಬೆಟ್ಟಿಗೆ ಹಿಟ್ಟಿನಲ್ಲಿ ಹುಳ ಬಿತ್ತಾ?” ಎಂದು ಗ್ಲೋರಿಯಾರನ್ನು ಕೆಣಕುತ್ತಾಳೆ. ಮತ್ತೆ ಮೆಲ್ಲಗೆ, “ನಾನಲ್ಲದಿದ್ರೆ ಅದಾದ್ರೂ ಗೇಟು ದಾಟಲಿ.”

ಗ್ಲೋರಿಯಾ ನಗುವುದಿಲ್ಲ. ಮೊಬೈಲು ತೆಗೆದು ನನ್ನ ಕೈಗಿಡುತ್ತಾರೆ. ಹಳೆ ಸಾಮಾನು ಕೊಡುವ ಕೊಳ್ಳುವ ಗುಂಪೊಂದು. ಸೋಮವಾರ ಸರ್ ಹಾಕಿದ ಸಾಲು. ಮೇಲೆ ಒಂದು ಸೋಫಾ, ಕೆಳಗೆ ಒಂದು ಫ್ರಿಜ್, ನಡುವೆ ಅಮೀನತ್‌ಳ ಫೋಟೊ. ‘ತಾಯಿಯನ್ನು ಊರಿಗೆ ಕಳಿಸುತ್ತಿರುವುದರಿಂದ ಕೊಡುವುದಿದೆ. ಎದುರು ಮಾತಾಡುವುದಿಲ್ಲ.’

ಎಪ್ಪತ್ತು ದಾಟಿದ ನಾನು ಕನ್ನಡಕ ಏರಿಸಿ ಚಿತ್ರವನ್ನು ದೊಡ್ಡದು ಮಾಡುತ್ತೇನೆ. ಫೋಟೊದಲ್ಲಿ ಅವಳ ತಲೆವಸ್ತ್ರ ಸರಿಯಾಗಿ ಪಿನ್ ಮಾಡಿದೆ. ಚಿತ್ರ ತೆಗೆಯುವುದು ಊರಿನ ತಮ್ಮನಿಗೆ ಕಳಿಸಲೆಂದು ತಿಳಿದಿದ್ದಳಂತೆ.

ಹತ್ತು ಗಂಟೆಗೆ, ತರಕಾರಿಗೆಂದು ಹೊರಟ ಗ್ಲೋರಿಯಾ ಜೊತೆ ನಾನೂ ಅಂಚೆ ಕಚೇರಿಯ ಕೌಂಟರಿನಲ್ಲಿದ್ದೇನೆ. ಹಿಟ್ಟಿನ ಡಬ್ಬಿಯಿಂದ ಹೊರಬಂದ ಪತ್ರದ ಲಕೋಟೆಯನ್ನು ಗುಮಾಸ್ತ ತಿರುಗಿಸಿ ನೋಡುತ್ತಾನೆ. ಹಿಂಬದಿ ಖಾಲಿ.

“ಭೇಜ್ನೆವಾಲಾ ಕೌನ್?” ಕಳಿಸುವವರು ಯಾರು ಎಂದು ಕೇಳುತ್ತಾನೆ.

“ನನ್ನ ವಿಳಾಸ ಹಾಕುವ, ಗ್ಲೋರಿಯಾ,” ಎನ್ನುತ್ತೇನೆ.

“ಬೇಡ ಅಕ್ಕ. ಪೆನ್ನು ಕೊಡಿ.”

ಬರೆಯುತ್ತಾರೆ: ಗ್ಲೋರಿಯಾ, ಅಡುಗೆಯವಳು, ಮೂರನೇ ಮಹಡಿ. “ನಿಮ್ಮ ಪೇಪರಿಗೂ ಇದನ್ನೇ ಹಾಕಿ. ಅಕ್ಷರ ತಪ್ಪದಿದ್ರೆ ಸಾಕು.”

ಗುಮಾಸ್ತ ಠಸ್ಸೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕುತ್ತಾನೆ.