ಅಕಾಡೆಮಿ ತಂಡಕ್ಕೆ ನಾವು ಮಾಡಿದ ಮರ್ಯಾದೆ

ಡಿಸೆಂಬರ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಹನ್ನೊಂದೂವರೆ ಗಂಟೆ. ಹೊಸನಗರದಲ್ಲಿ ಸಾಗರದ ಬಸ್ಸು ಹತ್ತಿದಾಗ ನನಗೆ ಮೊದಲು ಕಂಡದ್ದು, ನಮ್ಮ ಕಂಡಕ್ಟರಣ್ಣ ಸೀಟಿನಲ್ಲಿ ಕೂತಿದ್ದದ್ದು. ಮೂರು ವರ್ಷದಿಂದ ಇದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೇನೆ. ಅವರನ್ನು ಕೂತಂತೆ ನೋಡಿದ್ದು ಅದೇ ಮೊದಲು. ಎರಡು ವಾರ ಅವರು ಕಾಣದೆ ಇದ್ದುದರಿಂದ ರೂಟ್ ಬದಲಾಯಿತೇನೋ ಅಂದುಕೊಂಡಿದ್ದೆ. ಅವತ್ತು ಖಾಕಿ ಇರಲಿಲ್ಲ, ಹೆಗಲಿಗೆ ಚೀಲ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಲೆಯಿಂದ ಗಲ್ಲದವರೆಗೆ ಮುಚ್ಚುವ ಕಂದು ಮಂಕಿ ಕ್ಯಾಪ್ ತೊಟ್ಟಿದ್ದರು. ಕಣ್ಣು, ಮೂಗು ಮಾತ್ರ ಹೊರಗೆ.

"ತಂಗಿ, ಇಲ್ಲಿ ಬಾ, ಕೂತ್ಕೊ. ನೀನು ಸಾಗರದ ಆ ಫುಟ್‌ಬಾಲ್ ಕ್ಲಬ್ಬಿನವಳಲ್ವಾ?"

ಹೌದು ಅಂದೆ. ಆಡುವುದು ನನಗೆ ಬರುವುದಿಲ್ಲ. ಯಾರು ಯಾವ ನಿಮಿಷದಲ್ಲಿ ಗೋಲು ಹೊಡೆದರು, ಯಾರಿಗೆ ಹಳದಿ ಕಾರ್ಡು ಬಂತು ಎಂದು ಬರೆದಿಡುವುದು ನನ್ನ ಕೆಲಸ. ಚಿಕ್ಕಂದಿನಿಂದ ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಕ್ಲಬ್ಬಿನವರು ಆ ಕೆಲಸ ನನಗೆ ಹಚ್ಚಿದ್ದರು.

"ಇವತ್ತು ಬರೋ ಮಿಲಿಟರಿ ಅಕಾಡೆಮಿ ತಂಡದಲ್ಲಿ ನನ್ನ ಮಗ ಇದ್ದಾನೆ. ಹದಿನಾಲ್ಕನೇ ನಂಬರಿನ ಅಂಗಿ," ಎಂದರು. ಆಮೇಲೆ ಕ್ಯಾಪನ್ನು ಹಣೆಯಿಂದ ಎರಡು ಬೆರಳಷ್ಟು ಸರಿಸಿ ತೋರಿಸಿದರು. ತಲೆ ಬೋಳಿಸಿತ್ತು. ಕ್ಯಾಪಿನ ಕೆಳಗಿನ ಅಂಚು ಎಳೆದಾಗ ಮೀಸೆಯೂ ಇರಲಿಲ್ಲ.

ಅವರ ತಾಯಿ ತೀರಿಕೊಂಡಿದ್ದರು. ಹದಿಮೂರನೇ ದಿನದ ಕಾರ್ಯ ಮುಗಿದು ನಾಲ್ಕು ದಿನ ಆಗಿತ್ತು. ಹುಡುಗನಿಗೆ ಗೊತ್ತಿರಲಿಲ್ಲ. ಅಮ್ಮ ಬೇರೆಯವರ ಮನೆಕೆಲಸಕ್ಕೆ, ಅಪ್ಪ ಬಸ್ಸಿಗೆ ಹೋಗುವ ಮನೆಯಲ್ಲಿ ಅವನನ್ನು ಬೆಳೆಸಿದ್ದೇ ಅಜ್ಜಿ. ಅಕಾಡೆಮಿಯಲ್ಲಿ ಭಾನುವಾರ ಮಾತ್ರ ಫೋನು, ಅದೂ ಸಾಲಿನಲ್ಲಿ ನಿಂತು. ಎರಡು ಭಾನುವಾರ ಅವನು ಕೇಳಿದಾಗ "ಅಜ್ಜಿ ಮಲಗಿದಾರೆ" ಅಂತ ಹೇಳಿದ್ದರಂತೆ.

"ಫೋನಲ್ಲಿ ಹೇಳಿ ಇಟ್ಟುಬಿಡಬಹುದಿತ್ತು. ಆಮೇಲೆ ಆ ಹುಡುಗ ಎಲ್ಲಿ ಹೋಗಿ ಅಳ್ಬೇಕು ಹೇಳು. ಹಿಂದೆ ಇನ್ನೊಬ್ಬ ಫೋನಿಗೆ ಕಾಯ್ತಾ ನಿಂತಿರ್ತಾನೆ. ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ. ಮ್ಯಾಚ್ ಮುಗಿದ ಮೇಲೆ ನಂಗೊಂದು ಹತ್ತು ನಿಮಿಷ ಮಾಡಿಸಿಕೊಡು ತಂಗಿ. ಯಾರಿಗೂ ವಿಷಯ ಹೇಳ್ಬೇಡ. ಅವನ ಕಿವಿಗೆ ಬೇರೆಯವರ ಬಾಯಿಂದ ಬೀಳಬಾರದು."

ಆಗಲಿ ಅಂದೆ.

ಹೊರಗಿನ ತಂಡಗಳನ್ನು ಹೇಗೆ ನಡೆಸಿಕೊಳ್ಳಬೇಕು ಎನ್ನುವ ವಿಷಯದಲ್ಲಿ ನಮ್ಮ ಕ್ಲಬ್ಬಿಗೆ ಒಂದು ಹಳೆಯ ಕಳಂಕವಿದೆ. ಎರಡು ವರ್ಷದ ಹಿಂದೆ ಬೇರೆ ಊರಿನ ಗೋಲ್‌ಕೀಪರ್ ಒಬ್ಬನನ್ನು ನಮ್ಮವರು ಗೋಲಿನ ಹಿಂದೆ ನಿಂತು ಆಟದುದ್ದಕ್ಕೂ ಹಂಗಿಸಿದ್ದರು. ಆತ ಕೈಗವಸು ಬಿಸಾಡಿ ಮೈದಾನದಿಂದ ಹೊರಟೇಹೋಗಿದ್ದ. ಹಾಗಾಗಿ ಅಕಾಡೆಮಿಯವರು ಕರಾವಳಿಯಲ್ಲಿ ಟೂರ್ನಿ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಸಾಗರದಲ್ಲೊಂದು ಪ್ರದರ್ಶನ ಪಂದ್ಯ ಆಡಲು ಒಪ್ಪಿದ ತಕ್ಷಣ ಸಭೆ ಕರೆದಿದ್ದರು. ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನಮ್ಮ ಕಾರ್ಯದರ್ಶಿ ಮೇಜು ತಟ್ಟಿದರು.

"ಅವರು ನಾಳೆ ಗಡಿ ಕಾಯೋ ಹುಡುಗರು. ಒಬ್ಬ ಹೋ ಅಂತ ಕೂಗಿದ ಅಂದ್ರೆ ನಾನು ರಾಜೀನಾಮೆ ಕೊಡ್ತೀನಿ."

"ಅವರು ಗೋಲ್ ಹೊಡೆದ್ರೆ?" ಎಂದು ನಮ್ಮ ತಂಡದ ಕ್ಯಾಪ್ಟನ್ ಕೇಳಿದ.

"ಚಪ್ಪಾಳೆ."

"ಮಿಸ್ ಮಾಡಿದ್ರೆ?"

"ಅದಕ್ಕೂ ಚಪ್ಪಾಳೆ."

"ನಾವು ಹೊಡೆದ್ರೆ?"

ಕಾರ್ಯದರ್ಶಿ ಸ್ವಲ್ಪ ಯೋಚಿಸಿ, "ಮೆತ್ತಗೆ," ಎಂದರು.

"ಹಾಗಾದ್ರೆ ಹಾರ ತುರಾಯಿ ಹಿಡ್ಕೊಂಡೇ ಆಡ್ತೀವಿ ಬಿಡಿ," ಎಂದ ಕ್ಯಾಪ್ಟನ್. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.

ತಂಡ ಎರಡು ಗಂಟೆಗೆ ಬಂತು. ಅವರ ಜೊತೆಗೆ ಬಂದಿದ್ದ ತರಬೇತುದಾರರು ಹಿಂದಿಯಲ್ಲಿ ಕೇಳಿಕೊಂಡದ್ದು ಇಷ್ಟೇ: ಕುಡಿಯಲು ನೀರು, ಬಟ್ಟೆ ಬದಲಿಸಲು ಒಂದು ಕೋಣೆ, ಐದೂವರೆಗೆ ಬಿಡುಗಡೆ. ರಾತ್ರಿ ಬೀರೂರಿನಲ್ಲಿ ರೈಲು ಹಿಡಿಯಬೇಕಿತ್ತು. ನನ್ನ ಹಿಂದಿ ಅಷ್ಟಕ್ಕಷ್ಟೇ ಆದ್ದರಿಂದ ಕಾರ್ಯದರ್ಶಿಯನ್ನೇ ಜೊತೆಗೆ ಕರೆದುಕೊಂಡು ಹೋಗಿ, ಹದಿನಾಲ್ಕನೇ ನಂಬರಿನ ಹುಡುಗನ ತಂದೆ ಬಂದಿದ್ದಾರೆ, ಪಂದ್ಯದ ನಂತರ ಹತ್ತು ನಿಮಿಷ ಮಾತಾಡಲು ಬಿಡಬೇಕು ಎಂದು ಹೇಳಿಸಿದೆ. ಅವರು ಒಂದು ಕ್ಷಣವೂ ಯೋಚಿಸದೆ ಒಪ್ಪಿದರು. ಹತ್ತಲ್ಲ, ಇಪ್ಪತ್ತು ನಿಮಿಷ ಕೊಡೋಣ ಎಂದರು.

ಕಾರ್ಯದರ್ಶಿಯ ಮುಖ ಮಾತ್ರ ಅರಳಿಬಿಟ್ಟಿತ್ತು. "ನಮ್ಮ ಹೊಸನಗರದ ಹುಡುಗನಾ! ಅಪ್ಪ ಇಲ್ಲೇ ಇದ್ದಾರಾ! ಎಂತ ಮಾರಾಯ್ತಿ, ಮೊದಲೇ ಹೇಳೋದಲ್ವಾ?" ಎನ್ನುತ್ತ ಸ್ಟೇಜಿನ ಕಡೆ ಓಡಿದರು. ಯಾಕೆ ಓಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮೂರೂ ಇಪ್ಪತ್ತಕ್ಕೆ ಆಟ ಶುರುವಾಯಿತು, ಒಂದೊಂದು ಅವಧಿ ಮೂವತ್ತೈದು ನಿಮಿಷ. ತೀರ್ಥಹಳ್ಳಿಯಿಂದಲೂ ಎರಡು ವ್ಯಾನ್ ತುಂಬ ಜನ ಬಂದಿದ್ದರು. ಅಂಥ ಸಭ್ಯ ಪ್ರೇಕ್ಷಕರನ್ನು ನಾನು ನೋಡಿಲ್ಲ. ಅಕಾಡೆಮಿಯವರು ಚೆಂಡು ಮುಟ್ಟಿದರೆ ಚಪ್ಪಾಳೆ, ಹೊರಗೆ ಒದ್ದರೂ ಚಪ್ಪಾಳೆ. ನಮ್ಮ ಹುಡುಗನೊಬ್ಬ ಅವರ ಆಟಗಾರನನ್ನು ಕೆಡವಿದಾಗ ನಮ್ಮ ಜನವೇ "ಏ, ನಿಧಾನ ಕಣಾ!" ಎಂದು ಗದರಿದರು. ಅಂಕದ ಪುಸ್ತಕದ ಅಂಚಿನಲ್ಲಿ ನಾನು ಚಪ್ಪಾಳೆಗೆ ಗೆರೆ ಎಳೆಯುತ್ತ ಬಂದೆ. ಅರ್ಧ ಆಟದ ಹೊತ್ತಿಗೆ ಅತಿಥಿಗಳ ಕಡೆ ಮೂವತ್ತೊಂದು, ನಮ್ಮ ಕಡೆ ನಾಲ್ಕು. ನಮ್ಮ ಕ್ಯಾಪ್ಟನ್ ಥ್ರೋ ಮಾಡಲು ಹಗ್ಗದ ಹತ್ತಿರ ಬಂದವನು ಜನರತ್ತ ತಿರುಗಿ, "ನಮ್ಮ ಮನೆಗೆ ನಾವೇ ನೆಂಟರಾಗಿ ಬಂದ ಹಾಗಾಯ್ತಲ್ರಾ! ಒಂದ್ಸಲ ನಮಗೂ ಹೊಡೀರ್ರಾ!" ಎಂದ.

ಕಂಡಕ್ಟರಣ್ಣ ಕಬ್ಬಿನ ಹಾಲಿನ ಗಾಡಿಯ ಹಿಂದೆ, ಮೈದಾನದಿಂದ ಸುಲಭಕ್ಕೆ ಕಾಣದ ಜಾಗದಲ್ಲಿ ನಿಂತಿದ್ದರು. ಮಗ ಮೊದಲು ತನ್ನನ್ನು ದೂರದಿಂದ ನೋಡಿ ಗಾಬರಿಯಾಗುವುದು ಬೇಡ ಎಂದು. ತೀರ್ಥಹಳ್ಳಿಯ ಗುಂಪಿನವನೊಬ್ಬ ಅವರ ಕ್ಯಾಪು ನೋಡಿ, "ಏನ್ ಯಜಮಾನ್ರೇ, ಬಿಸಿಲು ಹಿಂಗೆ ಹೊಡೀತಿದೆ, ನೀವು ಊಟಿಗೆ ಹೊರಟ್ರಾ?" ಎಂದು ಕೇಳಿದ. ಅವರು "ಶೀತ ಮಾರಾಯ" ಎಂದು ಕೆಮ್ಮಿದರು. ಹದಿನಾಲ್ಕನೇ ನಂಬರಿನ ಹುಡುಗ ಎರಡನೇ ಅವಧಿಯಲ್ಲಿ ಗೋಲು ಹೊಡೆದಾಗ ಮಾತ್ರ ಅವರು ಗಾಡಿಯ ಮರೆಯಿಂದ ಪೂರ್ತಿ ಹೊರಗೆ ಬಂದುಬಿಟ್ಟಿದ್ದರು. ಮತ್ತೆ ನೆನಪಾಗಿ ಹಿಂದೆ ಸರಿದರು.

ಮೂರು ಒಂದರಿಂದ ನಾವು ಸೋತೆವು. ಆಗ ಇನ್ನೂ ನಾಲ್ಕೂ ಮುಕ್ಕಾಲು ಆಗಿರಲಿಲ್ಲ. ಇಪ್ಪತ್ತು ನಿಮಿಷವೇನು, ತಂದೆ ಮಗ ಕೂತು ಕಾಫಿ ಕುಡಿದು ಬರುವಷ್ಟು ಹೊತ್ತಿತ್ತು. ಪುಸ್ತಕಕ್ಕೆ ರೆಫರಿಯ ಸಹಿ ಹಾಕಿಸಿಕೊಂಡು ನಾನು ಏಳುವಷ್ಟರಲ್ಲಿ ಮೈಕು ಕಿರುಗುಟ್ಟಿತು. "ಎಲ್ಲರೂ ದಯವಿಟ್ಟು ವೇದಿಕೆಯ ಮುಂಭಾಗಕ್ಕೆ ಬರಬೇಕು. ಅತಿಥಿ ತಂಡ ವೇದಿಕೆಯ ಮೇಲೆ ಆಸೀನರಾಗಬೇಕು."

ಪ್ರಾರ್ಥನೆ ಆಯಿತು. ಸ್ವಾಗತ ಭಾಷಣ ಆಯಿತು. ಪ್ರಾಸ್ತಾವಿಕ ಮಾತಿನಲ್ಲಿ ನಮ್ಮ ಕ್ಲಬ್ಬು ಹುಟ್ಟಿದ ಕಥೆ ಬಂತು. ಆಮೇಲೆ ಒಬ್ಬೊಬ್ಬ ಆಟಗಾರನಿಗೂ ಶಾಲು, ಹಾರ, ಫಲಕ, ಫೋಟೋ. ಶಾಲು ಹೊದೆಸುವವರು ಬೇರೆ, ಹಾರ ಹಾಕುವವರು ಬೇರೆ. ಯಾರಿಗೂ ಬೇಸರ ಆಗಬಾರದಲ್ಲ. ಬೆವರಿದ ಅಂಗಿಯ ಮೇಲೆ ಶಾಲು ಹೊದ್ದು ಹುಡುಗರು ಸಾಲಾಗಿ ನಿಂತಿದ್ದರು. ತರಬೇತುದಾರರು ಎರಡು ಸಲ ಗಡಿಯಾರ ನೋಡಿಕೊಂಡರು. ಮರ್ಯಾದೆ ಮಾಡುತ್ತಿರುವವರ ಎದುರು ಅವರಾದರೂ ಎಂತ ಹೇಳಬೇಕು?

ಐದೂ ಹತ್ತಕ್ಕೆ ಕಾರ್ಯದರ್ಶಿ ಮೈಕು ಹಿಡಿದು, "ಈಗ ಒಂದು ವಿಶೇಷ ಸನ್ಮಾನ. ಈ ನೆಲದ ಕುವರನನ್ನು ಹೆತ್ತ ತಂದೆ ನಮ್ಮ ನಡುವೆಯೇ ಇದ್ದಾರೆ!" ಎಂದರು.

ನಾನು ಸ್ಟೇಜಿನ ಮೆಟ್ಟಿಲ ಹತ್ತಿರ ಓಡಿದೆ. ಅಷ್ಟರಲ್ಲಿ ನಾಲ್ಕೈದು ಜನ ಕಬ್ಬಿನ ಗಾಡಿಯ ಹಿಂದಿನಿಂದ ಕಂಡಕ್ಟರಣ್ಣನನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಬರುತ್ತಿದ್ದರು. "ಬೇಡ, ಬೇಡ, ನಂಗೆಂತಕ್ಕೆ," ಎನ್ನುತ್ತಿದ್ದರು ಅವರು. "ಸಂಕೋಚ ಮಾಡ್ಕೋಬೇಡಿ ಸಾರ್, ನಿಮ್ಮಂಥವ್ರಿಂದಲೇ ದೇಶ," ಎಂದು ಇವರು. ಸ್ಟೇಜಿನ ಮೇಲೆ ತಟ್ಟೆಯಲ್ಲಿ ಜರಿ ಪೇಟ ಸಿದ್ಧವಾಗಿತ್ತು. ಅದನ್ನು ತೊಡಿಸಬೇಕೆಂದರೆ ಕ್ಯಾಪ್ ತೆಗೆಯಲೇಬೇಕು.

ಕಾರ್ಯದರ್ಶಿಯ ತೋಳು ಹಿಡಿದು, "ಸಾರ್, ಪೇಟ ಬೇಡ. ಅವರ ಕ್ಯಾಪ್ ತೆಗೆಸಬೇಡಿ. ಶಾಲು ಸಾಕು," ಎಂದೆ.

"ಮಂಕಿ ಕ್ಯಾಪಿನ ಮೇಲೆ ಪೇಟ ಕೂರುತ್ತಾ ಮಾರಾಯ್ತಿ? ಫೋಟೋದಲ್ಲಿ ಮುಖ ಬೇಡ್ವಾ?"

"ಸಾರ್, ಬೇಡ ಅಂದ್ರೆ ಬೇಡ. ಕಾರಣ ಇದೆ."

"ಎಂತ ಕಾರಣ? ಹೇಳು."

ಮೈಕು ಅವರ ಕೈಯಲ್ಲಿತ್ತು, ಆನ್ ಆಗಿತ್ತು. ಹುಡುಗ ನಮ್ಮಿಂದ ಐದಾರು ಅಡಿ ದೂರದಲ್ಲಿ, ಕೈ ಹಿಂದೆ ಕಟ್ಟಿ ನಿಂತಿದ್ದ. ಅವನ ಕಿವಿಗೆ ಬೇರೆಯವರ ಬಾಯಿಂದ ಬೀಳಬಾರದು ಎಂದು ತಂದೆ ಹೇಳಿದ್ದರು. ನಾನು ಕಾರ್ಯದರ್ಶಿಯ ತೋಳು ಬಿಟ್ಟೆ.

ವೇದಿಕೆಯ ಮೇಲಿದ್ದ ಊರಿನ ಹಿರಿಯರೊಬ್ಬರು ಪ್ರೀತಿಯಿಂದಲೇ, ನಗುತ್ತಲೇ, ಕಂಡಕ್ಟರಣ್ಣನ ತಲೆಯ ಕ್ಯಾಪನ್ನು ಮೇಲೆತ್ತಿ ತೆಗೆದರು. ಕಂಡಕ್ಟರಣ್ಣ ಎರಡೂ ಕೈಗಳಿಂದ ಅದನ್ನು ಹಿಡಿದುಕೊಳ್ಳಲು ನೋಡಿದರು; ಕೈಯಲ್ಲಿ ಅದಾಗಲೇ ಹಣ್ಣಿನ ಬುಟ್ಟಿ ಕೊಟ್ಟುಬಿಟ್ಟಿದ್ದರು.

ಬೋಳಿಸಿದ ತಲೆ, ಮೀಸೆ ಇಲ್ಲದ ಮುಖ. ಹುಡುಗ ನೋಡಿದ. ನಮ್ಮ ಕಡೆ ಮಗ ತಲೆ ಬೋಳಿಸಿಕೊಳ್ಳುವುದು ಹೆತ್ತವರು ಹೋದಾಗ. ಅವನ ಅಜ್ಜ ಹೋಗಿ ವರ್ಷಗಳಾಗಿದ್ದವು. ಅವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬೋಳುತಲೆಯ ಮೇಲೆ ಜರಿ ಪೇಟ ಕೂತಿತು. ಅವನ ಕೈ ಹಿಂದೆ ಕಟ್ಟಿದ ಹಾಗೇ ಇತ್ತು, ಕಾಲು ಕದಲಲಿಲ್ಲ, ಗಲ್ಲ ಮಾತ್ರ ಅದುರಲು ಶುರುವಾಯಿತು. ಆಮೇಲೆ ಕಣ್ಣೀರು ಧಾರಾಕಾರ ಇಳಿಯಿತು.

"ನೋಡಿ, ನೋಡಿ! ತಂದೆಯನ್ನು ಕಂಡು ಯೋಧನ ಕಣ್ಣಲ್ಲಿ ಆನಂದಬಾಷ್ಪ!" ಎಂದರು ಕಾರ್ಯದರ್ಶಿ. ಅಂದಿನ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆಗ. ನಾನು ಗೆರೆ ಎಳೆಯಲಿಲ್ಲ.

ಕಂಡಕ್ಟರಣ್ಣ ಬುಟ್ಟಿ ಕೆಳಗಿಟ್ಟು ಮಗನ ಕಡೆ ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ವಂದನಾರ್ಪಣೆ ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಅದು ಮುಗಿದು ಅವರು ಏಳುವಾಗ ರಾಷ್ಟ್ರಗೀತೆ. ತಂದೆ ಪೇಟ ಹೊತ್ತು, ಮಗ ಶಾಲು ಹೊದ್ದು, ಮೂರು ಮಾರು ದೂರದಲ್ಲಿ ನೆಟ್ಟಗೆ ನಿಂತರು. ಗೀತೆ ಮುಗಿದದ್ದೇ ತರಬೇತುದಾರರು ಹುಡುಗರನ್ನು ಸಾಲು ಮಾಡಿ ಬಸ್ಸಿನ ಕಡೆ ನಡೆಸಿದರು. ಹೊತ್ತು ಮೀರಿತ್ತು. ನಮ್ಮ ಜನ ದಾರಿಯ ಎರಡೂ ಬದಿ ನಿಂತು ಹೂವು ಎರಚಿದರು, ಕೈ ಕುಲುಕಿದರು, ಸೆಲ್ಫಿ ತೆಗೆದುಕೊಂಡರು. ಕಂಡಕ್ಟರಣ್ಣನನ್ನು ಇನ್ನೊಂದು ಗುಂಪು ಸುತ್ತಿಕೊಂಡು ಅಭಿನಂದಿಸುತ್ತಿತ್ತು. "ದಾರಿ ಬಿಡಿ, ದಾರಿ ಬಿಡಿ," ಎಂದು ನಾನು ಕೂಗಿದೆ. ಹೂವಿನ ಬುಟ್ಟಿಗೆ ದಾರಿ ಕೇಳುತ್ತಿದ್ದೇನೆ ಅಂದುಕೊಂಡು ಒಬ್ಬರು ನನ್ನ ಕೈಗೂ ಒಂದು ಹಿಡಿ ಸೇವಂತಿಗೆ ಕೊಟ್ಟರು.

ಬಸ್ಸು ಹೊರಟು ಮೈದಾನದ ಗೇಟಿನ ಹತ್ತಿರ ನಿಂತಿತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಜನರ ತಲೆಗಳ ಮೇಲಿಂದ ಹಿಂದಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಪೇಟ ಕೈಯಲ್ಲಿ ಹಿಡಿದು ಕಂಡಕ್ಟರಣ್ಣ ಓಡಿದರು. ಅವರು ಗೇಟು ಮುಟ್ಟುವ ಮೊದಲೇ ದೀಪ ಆರಿತು, ಬಸ್ಸು ಹೊರಟುಹೋಯಿತು.

ಯಾರನ್ನು ದೂರಲಿ? ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಕಾರ್ಯದರ್ಶಿಗೆ ಮರುದಿನ ವಿಷಯ ತಿಳಿದ ಮೇಲೆ ಅವರು ಸ್ಟುಡಿಯೋ ಬಾಗಿಲು ಅರ್ಧ ಎಳೆದು ಒಳಗೆ ಕೂತಿದ್ದರು. ನೀರು, ಕೋಣೆ, ಹೊತ್ತಿಗೆ ಸರಿಯಾಗಿ ಬಿಡುಗಡೆ. ಆ ತಂಡ ಕೇಳಿದ್ದು ಅಷ್ಟು. ಅಷ್ಟನ್ನು ಮಾತ್ರ ಕೊಟ್ಟು, ಬೇಕಾದರೆ ನಮ್ಮ ಹುಡುಗರ ಪರವಾಗಿ ಗಂಟಲು ಹರಿಯುವಷ್ಟು ಕೂಗಿ ಕಳಿಸಿದ್ದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಕಂಡಕ್ಟರಣ್ಣ ಡ್ಯೂಟಿಗೆ ವಾಪಸಾದ ಮೇಲೆ, ಮುಂದಿನ ಭಾನುವಾರ ಕಳೆದ ಸೋಮವಾರ, ನನ್ನ ಪಕ್ಕದ ಸೀಟಿನ ಕಂಬಿ ಹಿಡಿದು ನಿಂತರು. ಕೂದಲು ಸಣ್ಣಗೆ ಚಿಗುರಿತ್ತು.

"ನಿನ್ನೆ ಫೋನ್ ಮಾಡಿದ್ದ ತಂಗಿ. ಗೇಟಿನ ಹತ್ರ ಬಸ್ ನಿಲ್ಸಿದ್ದು ಅವನಿಗೋಸ್ಕರವೇ ಅಂತೆ. ನಾನು ಕಾಣ್ಲಿಲ್ಲ ಅಂತ ಕಿಟಕಿ ಹತ್ರ ಇದ್ದ ಯಾರಿಗೋ ಒಂದು ಮಾತು ಹೇಳಿ, ಅಪ್ಪಂಗೆ ಮುಟ್ಟಿಸಿ ಅಂದಿದ್ನಂತೆ. 'ನಾನು ಹೇಳಿ ಕಳಿಸಿದ್ದು ಸಿಕ್ತಾ ಅಪ್ಪ?' ಅಂತ ಕೇಳಿದ."

"ನೀವು ಎಂತ ಹೇಳಿದ್ರಿ?"

"ಸಿಕ್ತು ಮಗಾ ಅಂದೆ." ಅವರು ಕಿಟಕಿಯ ಹೊರಗೆ ನೋಡಿದರು. "ಅವನ ಹಿಂದೆ ಇನ್ಯಾರೋ ಕಾಯ್ತಿದ್ರು. ಅಷ್ಟು ಜನರ ಮಧ್ಯೆ ಅದನ್ನ ಮತ್ತೆ ಅವನ ಬಾಯಲ್ಲಿ ಹೇಳಿಸ್ಲಾ? ಹಂಗಾದ್ರೆ ಮಾಡ್ತೀಯಲ್ವಾ ಅಪ್ಪ ಅಂದ. ಹೂಂ ಮಾಡ್ತೀನಿ ಅಂದೆ. ಎಂತ ಮಾಡ್ಬೇಕು ಅಂತಲೇ ಗೊತ್ತಿಲ್ಲ ನಂಗೆ."

ಅಂದಿನಿಂದ ಕ್ಲಬ್ಬಿನವರನ್ನೆಲ್ಲ ಕೇಳಿದ್ದೇನೆ. ತೀರ್ಥಹಳ್ಳಿಯ ಎರಡೂ ವ್ಯಾನಿನವರನ್ನು ಕೇಳಿದ್ದೇನೆ. ಜನರ ಫೋನಿನಲ್ಲಿದ್ದ ವಿಡಿಯೋಗಳನ್ನು ನೋಡಿದ್ದೇನೆ; ಎಲ್ಲದರಲ್ಲೂ ಕೇಳುವುದು ಚಪ್ಪಾಳೆಯೇ. ಡಿಸೆಂಬರ್ ಹದಿನಾಲ್ಕರ ಸಂಜೆ ಸಾಗರದ ಆ ಮೈದಾನದ ಗೇಟಿನಲ್ಲಿ, ನಿಂತ ಬಸ್ಸಿನ ಕಿಟಕಿಯ ಹತ್ತಿರ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹದಿನಾಲ್ಕನೇ ನಂಬರಿನ ಅಂಗಿಯ ಹುಡುಗ ನಿಮಗೆ ಹೇಳಿದ ಮಾತು ಯಾವುದು ಎಂದು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಅರ್ಧ ಮಾತ್ರ ಕೇಳಿಸಿದ್ದರೂ, ಪೂರ್ತಿ ನೆನಪಿಲ್ಲದಿದ್ದರೂ ಪರವಾಗಿಲ್ಲ. ಬರೆಯುವುದು ಆಗದಿದ್ದರೆ ಹೊಸನಗರದಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್‌ಗೇ ಹೇಳಬಹುದು. ಭಾನುವಾರಕ್ಕಿಂತ ಮೊದಲು ಹೇಳಿದರೆ ಒಳ್ಳೆಯದು.