ಸನ್ಮಾನಕ್ಕ ನಿಲ್ಲದ ಹಾಡು

ನಮ್ಮದು ಆರ್ಕೆಸ್ಟ್ರಾ ಅಲ್ಲ, ಪಂಕ್ ರಾಕ್ ಬ್ಯಾಂಡ್. ಇದನ್ನ ಬಾಗೇವಾಡಿಯಿಂದ ಇಂಡಿ ತನಕ ಹೇಳಿ ಹೇಳಿ ನನಗ ಸಾಕಾಗೈತಿ. ಕಾಕಾನ ಮಗಳು ಗಿಟಾರ್ ಹಿಡಿದು ಹಾಡ್ತಾಳ, ಮುದ್ದೇಬಿಹಾಳದ ಗೆಳತಿ ಬೇಸ್ ನುಡಸ್ತಾಳ, ನಾನು ಡ್ರಮ್ ಬಾರಸ್ತೇನಿ. ಪಿಚ್ಚರ್ ಹಾಡು ಹಾಡಂಗಿಲ್ಲ, ಎಲ್ಲಾ ನಾವ ಕಟ್ಟಿದ್ದು. ಇನ್ನೊಂದು ನೇಮ ಐತಿ: ಶುರು ಮಾಡಿದ ಹಾಡು ನಡುವ ನಿಲ್ಲಸಂಗಿಲ್ಲ.

ನಮ್ಮ ಕಡೆ ಇದು ದೊಡ್ಡ ಸೊಕ್ಕು. ಕಾರ್ಯಕ್ರಮಕ್ಕ ಯಾರರೆ ದೊಡ್ಡವರು ಬಂದರ ಹಾಡು ನಿಲ್ಲಬೇಕು. ಅವರಿಗೆ ಶಾಲು ಹೊದಿಸಿ, ಹೆಸರು ಕೂಗಿದ ಮ್ಯಾಲೆ ಮುಂದಿಂದು.

ಸಿಂದಗಿಯಾಗ ಒಮ್ಮೆ "ನಳಕ್ಕ ನೀರಿಲ್ಲ, ಹೆಗಲಿಗೆ ಶಾಲು" ಅನ್ನೋ ನಮ್ಮ ಹಾಡು ಹಾಡಾಕತ್ತಿದ್ದಿವಿ. ಅಷ್ಟರಾಗ ಒಬ್ಬ ಮುಖಂಡರು ಬಂದರು. "ನಿಂದರಸ್ರಿ, ಸಾಹೇಬರ ಸನ್ಮಾನ ಐತಿ!" ಅಂತ ಸಂಘಟಕರು ಒದರಿದರು. ನಾನು ಇನ್ನಷ್ಟು ಜೋರು ಬಾರಿಸಿದೆ. ಕಡೀಕ ಹಾಡು ನಡದಾಗನ ಶಾಲು ಹೊದಿಸಿದರು.

ಹಾಡು ಮುಗಿದ ಮ್ಯಾಲೆ ಬೈಗಳ ಬರ್ತಾವಂತ ಕಾದಿದ್ದೆ. ಸಾಹೇಬರು ಕೈ ಮುಗಿದು, "ನನಗಂತನ ಹಾಡು ಕಟ್ಟೀರಿ, ಭಾಳ ಖುಷಿ ಆತು. ಇಂಡಿ ಕಾರ್ಯಕ್ರಮದಾಗೂ ಇದನ್ನ ಹಾಡ್ರಿ" ಅಂದರು. ಅಷ್ಟೂ ಹಾಡಿನ್ಯಾಗ ಅವರ ಕಿವಿಗೆ ಶಾಲು ಬಿದ್ದಿತ್ತು, ನಳ ಬಿದ್ದಿರಲಿಲ್ಲ.

ಇಂಡಿಗೆ ಹೋದಿವಿ, ಅದನ್ನ ಹಾಡಿದಿವಿ. ಮುಂದಿನ ಕುರ್ಚಿಯಾಗ ಸಾಹೇಬರು ಶಾಲು ಹೊದ್ದು ಚಪ್ಪಾಳಿ ಹೊಡಿಯಾಕತ್ತಿದ್ದರು. ಹಾಡಿನ ಸುದ್ದಿ ಮೊದಲ ಕೇಳಿದ್ದ ಊರ ಹೆಣ್ಮಕ್ಕಳು ಮನಿಯಿಂದ ಖಾಲಿ ಕೊಡ ತಂದಿದ್ದರು. ಹಿಂದ ನಿಂತು ಅವನ್ನ ಬಡಕೊಂತ ಎಷ್ಟು ಜೋರು ಹಾಡಿದರಂದರ, ನನ್ನ ಡ್ರಮ್ ನನಗ ಕೇಳಸಲಿಲ್ಲ.